ಮೂರು ರೆಕ್ಕಿಯಾಕಿ

ಹುಬ್ಬಳ್ಳಿ ಪ್ಯಾಸೆಂಜರಿನ ಬಾಗಿಲದಾಗ ಒಂದು ರೆಕ್ಕಿ ಸಿಕ್ಕಿಬಿತ್ತು.
ಥರ್ಮಾಕೋಲಿಗೆ ಬೆಳ್ಳಿಹಾಳಿ ಸುತ್ತಿ
ಒಳಗ ಸೈಕಲ್ ಕಡ್ಡಿ ಇಟ್ಟು
ಹದಿನೆಂಟು ದಿವಸ ಕುಂತು ಮಾಡಿದ್ದು.
"ಏ ತಂಗಿ, ಫ್ಯಾನು ಲಗೇಜ್ ಡಬ್ಬಿಗೆ ಹಾಕವಾ"
ಅಂದ ಕಡ್ಲಿ ಮಾರಾಂವ.
ಫ್ಯಾನ್ ಅಲ್ರೀ, ಗಾಳಿಕಂಬ.
ಕಪ್ಪತಗುಡ್ಡದ ಮ್ಯಾಲೆ ತಿರಗ್ತಾವಲ್ಲ, ಅವು.
ಒಂದು ದಿವಸ ಅವೆಲ್ಲಾ ನಿಂತುಬಿಡ್ತಾವು,
ಯಾರೋ ಗಾಳಿ ಕದ್ದಾರ,
ಆವಾಗ ಈಕಿ ಬರ್ತಾಳ, ಬೆನ್ನಿಗೆ ಮೂರು ರೆಕ್ಕಿ ಕಟ್ಟಿಕೊಂಡು...
ಕಥಿ ಹುಲಕೋಟಿಗೆ ಸುರುವಾಗಿ
ಅಣ್ಣಿಗೇರಿ ದಾಟೂದ್ರಾಗ
ಕಡ್ಲಿಯಾಂವ ಗೊರಕಿ ಹೊಡಿಯಾಕತ್ತಿದ್ದ.

ಎದುರಿನ ಮುದುಕ ಮಾತ್ರ
ನನ್ನ ನೀಲಿ ಮಾರಿ ನೋಡಿದ್ದ ನೋಡಿದ್ದು.
ಹೆಬಸೂರಾಗ ಇಳಿಯೂ ಮುಂದ
ಹತ್ತು ರೂಪಾಯಿ ನೋಟು ಉಡ್ಯಾಗ ಇಟ್ಟ.
"ಭಾಳ ವರ್ಷ ಆಗಿತ್ತವಾ
ಹಗಲುವೇಷದವರು ಕಣ್ಣಿಗೆ ಬಿದ್ದು."

ಅಲ್ಲ ಅನ್ನಾಕ ಬಾಯಿ ತೆರೆದೆ.
ಗಾಡಿ ಬಿಟ್ಟಿತು.

ಅಲ್ಲ ಅಂತ ಹೆಂಗ ಹೇಳ್ಲಿ?
ಅಜ್ಜ ಜಂಬಣ್ಣ ಸೋಮವಾರ ರಾಜ, ಮಂಗಳವಾರ ರಾಕ್ಷಸಿ,
ಬುಧವಾರ ಮೀಸಿ ತಿರುವೂ ಫೌಜದಾರ.
ಕಡೀ ದಿವಸ ಬಣ್ಣ ಇಲ್ಲದ ತನ್ನ ಮಾರಿ ಹೊತ್ತು
ಮನಿಮನಿಗೆ ಜ್ವಾಳ ಬೇಡಾಕ.
ಆ ದಿನದ ವೇಷಾನ ಎಲ್ಲಾಕ್ಕಿಂತ ಕಠಿಣ ಅಂತಿದ್ದನಂತ.
ಇದನ್ನ ಕೇಳಿ ಊರೆಲ್ಲಾ ನಗತಿತ್ತು, ಅಪ್ಪ ನಗತಿದ್ದಿಲ್ಲ.
ಶಾಲಿ ದಾಖಲೆಯೊಳಗ 'ವೇಷಗಾರ' ಇರಬೇಕಾದಲ್ಲೆ
'ಬೆಟಗೇರಿ' ಅಂತ ಬರೆಸಿದ.
ಬಸ್ ಡಿಪೋದಾಗ ಮೈತುಂಬ ಗ್ರೀಸು ಬಳಕೊಂತಾನ,
ಮಾರಿಗೆ ಪೌಡರ್ ಸೈತ ಹಚ್ಚಂಗಿಲ್ಲ.

ಇವತ್ತು ನಸುಕಿನಾಗ
ಕನ್ನಡಿ ಮುಂದ ನೀಲಿ ತಿಕ್ಕಿ ತಿಕ್ಕಿ ಸೋತಾಗ
ಹಿಂದಿಂದ ಬಂದ.
"ಮೊದಲ ಕೊಬ್ರಿ ಎಣ್ಣಿ ಹಚ್ಚು. ಇಲ್ಲಂದ್ರ ಬೆವರಿಗೆ ಒಡಿತೈತಿ."
ಹೊಳ್ಳಿ ಹೋಗಿ ಮಲಕೊಂಡ.

ಉಣಕಲ್ ಕಡೆ ಒಂದು ಕಲ್ಯಾಣಮಂಟಪ.
'ಶುಭವಿವಾಹ'ದ ಮ್ಯಾಲೆ ಬ್ಯಾನರ್ ಕಟ್ಟಿ ಕಾಮಿಕ್ಸ್ ಮೇಳ ಅಂತ ಬರದಾರ,
'ಶು' ಒಂದು ಹೊರಗ ಇಣುಕತೈತಿ.
ತಿಕೀಟು ಇನ್ನೂರಾ ಐವತ್ತು.
ವೇಷ ಹಾಕಿ ಒಳಗ ಹೋಗಾಕ
ನಾನ ರೊಕ್ಕ ಕೊಟ್ಟೆ, ಅಜ್ಜಾ, ಕೇಳಿಸ್ತೇನು?

ಊಟದ ಹಾಲಿನ ತುಂಬ ಕತ್ತಿ, ಕೋಡು, ಗುಲಾಬಿ ಕೂದಲು.
ರಟ್ಟಿನ ರೋಬೋಟ್ ಒಬ್ಬಾಂವ
ತನ್ನ ತಲಿ ಕಂಕುಳಾಗ ಇಟಗೊಂಡು ಗಿರಮಿಟ್ ತಿನ್ನಾಕತ್ತಿದ್ದ.
ಕೋಡಿನ ಹುಡುಗಿಯೊಬ್ಬಾಕಿ ನನ್ನ ಮುರದ ರೆಕ್ಕಿ ನೋಡಿ
ಏನೂ ಕೇಳದ ಹಲ್ಲಿಲೆ ಟೇಪು ಹರದು ಕೊಟ್ಟಳು.

ಮೇಜಿನ ಮ್ಯಾಲೆ ಹೊಸಾ ಕಾಮಿಕ್ಸು, ಶಾಯಿ ವಾಸನಿ ಆರಿಲ್ಲ.
ಬೆರಳಿನ ನೀಲಿ ಹತ್ತೀತಂತ ಮಣಿಕಟ್ಟಿಲೆ ಪುಟ ಹೊಳ್ಳಿಸಿದೆ.
ಅಲ್ಲೀತನಕ ನಾ ಓದಿದ್ದೆಲ್ಲಾ ರದ್ದಿ ಅಂಗಡಿವು,
ಯಾವುದಕ್ಕೂ ಕಡೀ ಪುಟ ಇರತಿದ್ದಿಲ್ಲ.
ಅದಕ್ಕ ಕಡೀ ಪುಟ ನಾನ ಬರಕೊಂತಿದ್ದೆ.
ಹಂಗ ಸುರುವಾತು ಇದೆಲ್ಲಾ.

ಸ್ಪರ್ಧಾದ ಫಾರ್ಮು.
ಪಾತ್ರದ ಹೆಸರು: ಮೂರು ರೆಕ್ಕಿಯಾಕಿ.
ಯಾವ ಸರಣಿ?
"ಇನ್ನೂ ಬಂದಿಲ್ರೀ. ನೋಟಬುಕ್ಕಿನಾಗ ಅದಾಳ."
ಹುಡುಗ ಪೆನ್ನು ಎತ್ತಿದ.
"ಹಂಗಾರ ನೀವು ಯಾರ ಫ್ಯಾನು?"
ಮುಂಜಾನಿಂದ ಎರಡನೇ ಸಲ ಫ್ಯಾನು.
ನಕ್ಕೆ, ಗಲ್ಲ ನೋಯೂ ಹಂಗ.
ನನ್ನ ಹೆಸರು ಬರದೆ. ಅಡ್ಡಹೆಸರಿನ ಖಾನೇದಾಗ
ಪೆನ್ನು ಭಾಳ ಹೊತ್ತು ನಿಂತಿತು,
ಹಿಂದ ಸಾಲು ಗದ್ದಲ ಮಾಡಿತು.

ಬಹುಮಾನ ರೋಬೋಟಿಗೆ ಬಂತು.
ಮುದುಕನ ಹತ್ತಕ್ಕ ನನ್ನ ಇಪ್ಪತ್ತು ಸೇರಿಸಿ
ನಾನೂ ಗಿರಮಿಟ್ ತಿಂದೆ.

ರಾತ್ರಿ ಬಾಗಿಲಾ ತೆಗೆದ ಅಪ್ಪ
ಮ್ಯಾಳ ಹೆಂಗಿತ್ತು ಅಂತ ಕೇಳಲಿಲ್ಲ.
"ಒಡೀತೇನು?"
"ಇಲ್ಲ."
ಬೆಳಕಿಗೆ ನನ್ನ ಗದ್ದ ಹಿಡಿದು
ಆ ಕಡೆ, ಈ ಕಡೆ ಹೊಳ್ಳಿಸಿ ನೋಡಿದ.
"ತಗಿಯಾಕೂ ಅದ ಎಣ್ಣಿ" ಅಂದು
ಬಾಟ್ಲಿ ನನ್ನ ಕಡೆ ದೂಡಿದ.